ಲೀಟರಿಗೆ ಎಷ್ಟು ಕೊಡುತ್ತದೆ?

ಹಳೆಯ ಕಾರೊಂದನ್ನು ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನವಾದ ವಾರವೇ ಮಾವನವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ದೊಡ್ಡಬಳ್ಳಾಪುರದಿಂದ ನಮ್ಮ ಹನುಮಂತನಗರದ ಮನೆಗೆ ಬಂದಿಳಿದರು. ಹೀಗಾಗಿ ನಮ್ಮ ಕಾರನ್ನು ಆರಿಸಿದ್ದು ಒಟ್ಟು ಮೂರು ಕಣ್ಣುಗಳು: ನನ್ನವೆರಡು, ಅವರದೊಂದು. ಅವರ ಒಂದರ ಮುಂದೆ ನನ್ನ ಎರಡಕ್ಕೆ ಯಾವ ಕಿಮ್ಮತ್ತೂ ಇರಲಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಎರಡು ಲಕ್ಷದೊಳಗೆ ಸಿಗಬೇಕು, ಪೆಟ್ರೋಲ್ ಕಡಿಮೆ ಕುಡಿಯಬೇಕು, ಕೆಟ್ಟರೆ ಬೀದಿ ಕೊನೆಯ ಮೆಕ್ಯಾನಿಕ್ಕೇ ರಿಪೇರಿ ಮಾಡುವಂತಿರಬೇಕು. ಮೂರನೆಯದನ್ನು ಆತನನ್ನೇ ಕೇಳೋಣವೆಂದು ಹೋದೆ. ಕಲಾಸಿಪಾಳ್ಯದ ಗ್ಯಾರೇಜಿನಲ್ಲಿ ಮಾರುತಿ 800ರ ಮೇಲೆ ಕೈ ಪಳಗಿಸಿಕೊಂಡ ಮನುಷ್ಯ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಆ ಗಾಡಿಯ ಮಾತು ಬಂದರೆ, ತೀರಿಹೋದ ಮೇಷ್ಟರನ್ನು ನೆನೆದಂತೆ ಆತನ ದನಿ ಇಳಿಯುತ್ತದೆ. "796 ಸಿಸಿ, ಮೂರೇ ಸಿಲಿಂಡರು ಸಾರ್. ಒಂದು ಸ್ಪ್ಯಾನರ್ ಸೆಟ್ ಇದ್ದರೆ ಸಂಸಾರ ನಡೆಯುತ್ತಿತ್ತು. ಈಗಿನ ಗಾಡಿಗೆ ಮೊದಲು ಕಂಪ್ಯೂಟರ್ ಚುಚ್ಚಬೇಕು. ಅದು ಅಪ್ಪಣೆ ಕೊಟ್ಟ ಮೇಲೆ ನಾವು ಕೈ ಹಾಕಬೇಕು."

"ಹಾಗಾದರೆ ಯಾವುದನ್ನು ತೆಗೆದುಕೊಳ್ಳಲಿ?"

"ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ನಡೆದು ಬನ್ನಿ. ಯಾವ ಕಾರಿನ ಕನ್ನಡಿ, ಬಂಪರ್, ಹೆಡ್‌ಲೈಟು ಅಂಗಡಿ ಮುಂದೆ ಹೆಚ್ಚು ನೇತಾಡುತ್ತಿರುತ್ತದೋ ಅದನ್ನೇ ತೆಗೆದುಕೊಳ್ಳಿ."

ಕಾರಿನ ಬಗ್ಗೆ ನನಗೆ ಸಿಕ್ಕ ಒಂದೇ ಒಂದು ಪ್ರಾಮಾಣಿಕ ಸಲಹೆ ಇದು. ಸಿಗ್ನಲ್ಲಿನಲ್ಲಿ ನಿಂತರೆ ಎಡಕ್ಕೊಂದು ಬಲಕ್ಕೊಂದು ಕಾಣುವ ಗಾಡಿಗೆ ಬಿಡಿಭಾಗ ಸಿಗುತ್ತದೆ, ಬಿಚ್ಚಿ ಅನುಭವವಿದ್ದವರೂ ಸಿಗುತ್ತಾರೆ. ಅಪರೂಪದ ಗಾಡಿ ಎಷ್ಟೇ ಸೋವಿಯಾದರೂ ಒಂದು ಕ್ಲಚ್ ಕೇಬಲ್ಲಿಗಾಗಿ ಹದಿನೈದು ದಿನ ಮೂಲೆ ಹಿಡಿಯುತ್ತದೆ.

ಮಾವನವರ ಮಾನದಂಡ ಬೇರೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ, ಸುಳಿ ನೋಡಿ, ಟವೆಲ್ಲಿನ ಅಡಿ ಬೆರಳು ಹಿಡಿದು ಎತ್ತು ಕೊಂಡವರು ಅವರು. ಮೊದಲು ನೋಡಿದ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಬಾಗಿಲಿನ ರಬ್ಬರನ್ನು ಉಗುರಿನಿಂದ ಎಬ್ಬಿಸಿ ಒಳಗೆ ಇಣುಕಿದರು. ಹೊರಗೆ ಬೆಳ್ಳಿ ಬಣ್ಣ, ರಬ್ಬರಿನಡಿ ಕೆಂಪು. "ಇದಕ್ಕೆ ಕೊಂಬು ಹೆರೆದಿದ್ದಾರೆ" ಎಂದರು. ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ಪ್ರಾಯದ್ದೆಂದು ಮಾರುವವರನ್ನು ಕಂಡ ಕಣ್ಣು ಅದು. ಎರಡನೆಯದರ ಕಾಲಡಿಯ ಚಾಪೆ ಎತ್ತಿ ಮೂಸಿ, "ಕೆರೆಯಲ್ಲಿ ಮುಳುಗಿ ಎದ್ದಿದೆ" ಎಂದರು. ದಲ್ಲಾಳಿಯ ಮುಖ ನೋಡಿದೆ. ಆತ ಆಕಾಶ ನೋಡುತ್ತಿದ್ದ.

ಮೂರನೆಯದು ಹನ್ನೊಂದು ವರ್ಷದ ಗಾಡಿ, ಒಬ್ಬರೇ ಓಡಿಸಿದ್ದು. ಸ್ವಂತ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸುತ್ತ ಹೋಗಬೇಕು. ಇನ್ನೂ ನಾಲ್ಕು ವರ್ಷ ಚಿಂತೆಯಿಲ್ಲ ಎಂದು ನಾನು ಲೆಕ್ಕ ಹಾಕುವಷ್ಟರಲ್ಲಿ ಮಾವನವರು ದಲ್ಲಾಳಿಯನ್ನು ಕೇಳಿಯಾಗಿತ್ತು: "ಎಷ್ಟು ಕೊಡುತ್ತದೆ?"

"22 ಕೊಡುತ್ತದೆ ಯಜಮಾನರೇ."

"ಬೆಳಗ್ಗೆಯೋ, ಎರಡು ಹೊತ್ತೂ ಸೇರಿಯೋ?"

ಅವರು ತಮಾಷೆ ಮಾಡಿದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಗಾಡಿ ಮಾತ್ರ ಒಂದು ಲಕ್ಷ ಎಂಬತ್ತೈದು ಸಾವಿರಕ್ಕೆ ಇಳಿಯಿತು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಮುಂದೆ ಪೂಜೆ ಮಾಡಿಸಿ, ನಾಲ್ಕು ನಿಂಬೆಹಣ್ಣು ಹಿಸುಕಿ ಮನೆಗೆ ತಂದೆವು.

ಮೈಲೇಜನ್ನು ನಾನೇ ಅಳೆದೆ. ಟ್ಯಾಂಕ್ ತುಂಬಿಸಿ ಮೀಟರ್ ಬರೆದಿಟ್ಟುಕೊಂಡು, 286 ಕಿಲೋಮೀಟರ್ ಓಡಿಸಿ ಮತ್ತೆ ತುಂಬಿಸಿದರೆ ಹಿಡಿದದ್ದು 22 ಲೀಟರ್. ದಲ್ಲಾಳಿ ಹೇಳಿದ 22 ಇದೇ ಇರಬೇಕು. ಭಾಗಿಸಿದರೆ ಲೀಟರಿಗೆ 13. ಕಂಪನಿಗಳು ಹೇಳುವ ಲೆಕ್ಕ ಪ್ರಯೋಗಾಲಯದಲ್ಲಿ ಉರುಳೆಗಳ ಮೇಲೆ ಓಡಿಸಿ ತೆಗೆದದ್ದು. ಆ ಉರುಳೆಗಳ ನಡುವೆ ಸಿಲ್ಕ್ ಬೋರ್ಡ್ ಜಂಕ್ಷನ್ ಬರುವುದಿಲ್ಲ. ನಿಂತಲ್ಲೇ ಗುರುಗುಟ್ಟುವ ಇಂಜಿನ್ನು ಲೀಟರಿಗೆ ಕೊಡುವುದು ಸೊನ್ನೆ ಕಿಲೋಮೀಟರ್, ಅದನ್ನೂ ಸರಾಸರಿಗೆ ಸೇರಿಸಬೇಕಲ್ಲ. ಅದೇ ಗಾಡಿ ಮಂಡ್ಯಕ್ಕೆ ಹೋಗಿ ಬಂದಾಗ 19 ಕೊಟ್ಟಿತು. "ಮೇವು ಸರಿ ಇದೆ, ಕೊಟ್ಟಿಗೆ ಸರಿ ಇಲ್ಲ" ಎಂದರು ಮಾವನವರು.

ಒಂದು ಬೆಳಗ್ಗೆ ಕೀಲಿ ತಿರುಗಿಸಿದರೆ ಗಾಡಿ ಉಸಿರೆತ್ತಲಿಲ್ಲ. ಬಾನೆಟ್ ತೆಗೆದಾಗ ಬ್ಯಾಟರಿಯ ಪಕ್ಕದಲ್ಲಿ ಹತ್ತಿ, ತೆಂಗಿನ ನಾರು, ನಮ್ಮದೇ ಮನೆಯ ದೀಪದ ಬತ್ತಿ ಸೇರಿಸಿ ಇಲಿಯೊಂದು ಬಾಣಂತಿ ಕೋಣೆ ಕಟ್ಟಿಕೊಂಡಿತ್ತು. ವೈರುಗಳನ್ನು ಕೋಡುಬಳೆಯ ಹಾಗೆ ತಿಂದುಹಾಕಿತ್ತು. ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಹೊಸ ವೈರು ಸುತ್ತಿ, ಕಪ್ಪು ಟೇಪ್ ಹಚ್ಚಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಡಾಕ್ಟರರಂತೆ ಕಣ್ಣು ಮುಚ್ಚಿ ಕೇಳಿ, "ಹೃದಯ ಚೆನ್ನಾಗಿದೆ" ಎಂದು 350 ರೂಪಾಯಿ ತೆಗೆದುಕೊಂಡ. ನನ್ನ ಮೂರನೆಯ ಬೇಡಿಕೆ ಸಾರ್ಥಕವಾಯಿತು.

ಸುಲಭದ ರಿಪೇರಿಯ ಗಾಡಿಗೆ ಒಂದು ದೋಷವಿದೆ. ಅದನ್ನು ಯಾರು ಬೇಕಾದರೂ ರಿಪೇರಿ ಮಾಡಬಹುದೆಂದು ಎಲ್ಲರಿಗೂ ಅನ್ನಿಸುತ್ತದೆ. ಬಾನೆಟ್ ಎತ್ತಿದರೆ ಸಾಕು, ಹಾಲಿನ ಹುಡುಗನಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಬಂದು ಬಗ್ಗುತ್ತಾರೆ. ಇಲಿಗೆ ಒಬ್ಬರು ನುಸಿಗುಳಿಗೆ ಎಂದರು, ಇನ್ನೊಬ್ಬರು ಬೆಕ್ಕು ಸಾಕಿ ಎಂದರು. ಎದುರು ಮನೆಯ ನಿವೃತ್ತ ಇಂಜಿನಿಯರರು ಮಾತ್ರ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಾನೆಟ್ಟಿನೊಳಗೆ ಇಡಿ ಎಂದರು. ಅಂಗಡಿಯಿಂದ ಕಾಲು ಕಿಲೋ ತಂದು ನಾಲ್ಕು ಗಂಟು ಕಟ್ಟಿದೆ. ಇಲಿ ಆ ರಾತ್ರಿಯೇ ಮನೆ ಖಾಲಿ ಮಾಡಿತು. ಫ್ಯಾನ್ ಹಾಕಿದರೆ ಕಾರಿನೊಳಗೆಲ್ಲ ಘಾಟು. ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿದಳು. ಮಾವನವರು ಏನೂ ಅನ್ನಲಿಲ್ಲ.

ವಾರ ಕಳೆಯುವುದರೊಳಗೆ ಬ್ಯಾಟರಿ ಇಳಿಯಿತು. ಹನುಮಂತನಗರದ ಇಳಿಜಾರಿನಲ್ಲಿ ತಳ್ಳಿ, ಎರಡನೆಯ ಗೇರಿನಲ್ಲಿ ಕ್ಲಚ್ ಬಿಟ್ಟು ಎಬ್ಬಿಸಿದೆವು. ಮರುದಿನ ಮತ್ತೆ ಇಳಿಯಿತು. ಮೆಕ್ಯಾನಿಕ್ ಮೀಟರ್ ಹಿಡಿದು ನೋಡಿದ. ಇಂಜಿನ್ ಓಡುವಾಗ 14 ವೋಲ್ಟ್ ತೋರಿಸುತ್ತಿತ್ತು. ಆಲ್ಟರ್ನೇಟರ್ ಸರಿ, ವೈರು ಸರಿ. ಎಲ್ಲೋ ಕರೆಂಟು ಸೋರುತ್ತಿದೆ ಎಂದರು ಇಂಜಿನಿಯರರು. ದೃಷ್ಟಿ ಎಂದರು ಪುರೋಹಿತರು. ಹೊಸ ಬ್ಯಾಟರಿಗೆ ಮೂರೂವರೆ ಸಾವಿರ ತೆತ್ತೆ. ನಾಲ್ಕನೆಯ ದಿನ ಅದೂ ಮಲಗಿತು. "ಇಪ್ಪತ್ತೈದು ವರ್ಷದಲ್ಲಿ ಇಂಥ ಗಾಡಿ ನೋಡಿಲ್ಲ ಸಾರ್" ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡ.

ಆ ಭಾನುವಾರ ಮಧ್ಯಾಹ್ನ ಊಟದ ಮೇಲೆ ಮಾವನವರು ಕಾಣಲಿಲ್ಲ. ಗೋಡೆಯ ಮೊಳೆಯಲ್ಲಿ ಕಾರಿನ ಕೀಲಿಯೂ ಇರಲಿಲ್ಲ. ಹೊರಗೆ ಬಂದು ನೋಡಿದೆ. ಡಾಕ್ಟರರ ಮಾತು ಕೇಳಿ ಹತ್ತು ವರ್ಷದ ಹಿಂದೆ ಎಲೆ, ಅಡಿಕೆ, ಹೊಗೆಸೊಪ್ಪು ಮೂರನ್ನೂ ಬಿಟ್ಟ ಮನುಷ್ಯ, ಮುಂದಿನ ಸೀಟನ್ನು ಹಿಂದಕ್ಕೆ ಒರಗಿಸಿ, ನಾಲ್ಕೂ ಗಾಜು ಏರಿಸಿ, ಫ್ಯಾನನ್ನು ನಾಲ್ಕನೆಯ ನಂಬರಿಗೆ ಇಟ್ಟು, ಪೊರೆ ತೆಗೆಸಿದ ಕಣ್ಣು ತೆಗೆಸದ ಕಣ್ಣು ಎರಡನ್ನೂ ಮುಚ್ಚಿಕೊಂಡು ನಿಧಾನವಾಗಿ ಉಸಿರೆಳೆದುಕೊಳ್ಳುತ್ತಿದ್ದರು.

ಗಾಜು ತಟ್ಟಿದೆ. ಒಂದಿಂಚು ಇಳಿಸಿದರು.

"ಒಳ್ಳೆಯ ಗಾಡಿ ಅಳಿಯಂದಿರೇ" ಎಂದರು. "ನಿಂತಲ್ಲೇ ಕೊಡುತ್ತದೆ."