ಸಂಘದ ಭಾಷಣಕ್ಕೆ ಪಿಪಿಟಿ ಬೇಕಾ? ಪರ – ವಿರೋಧ

ಪರ: ಕಣ್ಣಿಗೆ ಕಾಣ್ಲಿ ಬಿಡಿ (ಪುಣೆಯಿಂದ)

ನಮ್ಮ ಕನ್ನಡ ಸಂಘದ ಆಹ್ವಾನ ಪತ್ರದಲ್ಲಿ ಭಾಷಣಕಾರರು ಪಿಪಿಟಿ, ಅಂದ್ರೆ ಪವರ್‌ಪಾಯಿಂಟ್ ಸ್ಲೈಡು, ತರತಕ್ಕದ್ದು ಅಂತ ಇದೆಯಲ್ಲ, ಅದು ಬೇಕೇ ಬೇಕು. ಪುಣೆಯಲ್ಲಿ ಬೆಳೀತಿರೋ ನಮ್ಮ ಮಕ್ಕಳು ಮನೇಲಿ ಕನ್ನಡ ಮಾತಾಡ್ತಾರೆ, ಸ್ಕೂಲಲ್ಲಿ ಮರಾಠಿ, ಹಿಂದಿ, ಇಂಗ್ಲಿಷು, ಊರು ನೋಡೋದು ಮೇ ರಜೆಯಲ್ಲಿ ಮಾತ್ರ. ಅಂಥವರ ಮುಂದೆ ನಿಂತು ಒಂದು ಗಂಟೆ ಬಿತ್ತನೆ, ಸುಗ್ಗಿ, ರಾಶಿ ಅಂದ್ರೆ ಅವರ ಕಣ್ಮುಂದೆ ಏನು ಬರಬೇಕು ಹೇಳಿ? ಮೊಬೈಲ್ ತೆಗೀತಾರೆ, ಬೈದು ಉಪಯೋಗ ಇಲ್ಲ.

ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಹಳೇ ಬೇಸಾಯದ ಬಗ್ಗೆ ಮಾತಿತ್ತು. ಭಾಷಣಕಾರರು ಕೂರಿಗೆ (ಬೀಜ ಬಿತ್ತೋ ಸಾಧನ) ಅಂದ್ರು, ಹುಡುಗರು ಸುಮ್ನೆ ಕೂತಿದ್ರು. ಆಮೇಲೆ ಪರದೆ ತುಂಬಾ ಒಂದೇ ಫೋಟೋ, ಒಂದಕ್ಷರ ಬರಹ ಇಲ್ಲ: ಮರದ ಬಟ್ಟಲು, ಅದರಿಂದ ಇಳಿದ ಮೂರು ಬಿದಿರಿನ ಕೊಳವೆ, ಕೆಳಗೆ ಮಣ್ಣು ಸೀಳೋ ಮೊನೆ. ಹಿಂದಿನ ಸಾಲಿಂದ ವಿಜಾಪುರ ಕಡೆಯ ಅಜ್ಜ ಒಬ್ರು ಎದ್ದು, "ಕಾಳ ಬಿಡೂ ಮುಂದ ಕೈ ತಡದ್ರ ಮುಗೀತು, ಸಾಲು ಬೋಳು ಬೀಳ್ತದ. ನಮ್ಮವ್ವನ ಕೈಯಾಗ ಒಂದ ಸಾಲೂ ಬೋಳ ಬೀಳ್ತಿರಲಿಲ್ಲ" ಅಂತ ಶುರು ಮಾಡಿದ್ರು ನೋಡಿ, ಮಕ್ಕಳೆಲ್ಲ ಆ ಕಡೆ ತಿರುಗಿದ್ರು, ಮೂರೂ ಕೊಳವೆಗೆ ಸಮ ಹೆಂಗೆ ಹೋಗುತ್ತೆ ಅಜ್ಜ ಅಂತ ಒಬ್ಬಳು ಕೇಳಿದ್ಲು, ಅಜ್ಜ ಬೆರಳು ಅಗಲಿಸಿ ಬೀಜ ಬಿಡೋ ರೀತಿ ತೋರಿಸಿದ್ರು, ಭಾಷಣಕಾರರು ಮುಂದಿನ ಸ್ಲೈಡಿಗೆ ಹೋಗ್ಲೇ ಇಲ್ಲ. ಆ ಫೋಟೋ ಇಲ್ದಿದ್ರೆ ಅಜ್ಜ ಏಳ್ತಿದ್ರಾ?

ಸ್ಲೈಡ್ ನೋಡ್ಕೊಂಡು ಓದ್ತಾರೆ, ಬೇಜಾರು ಅಂತೀರಿ. ಚೀಟಿ ನೋಡ್ಕೊಂಡು ಓದೋರು ಇಲ್ವಾ? ಹಾಗಂತ ಕಾಗದನೇ ಬ್ಯಾನ್ ಮಾಡೋಣ್ವಾ?

ತರೋರಿಗೆ ಎರಡು ಮಾತು. 'ನುಡಿ', 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿ ಆಗುತ್ತೆ, ಎಲ್ಲಾ ಕಡೆ ಕನ್ನಡವಾಗೇ ಕಾಣೋ ಯೂನಿಕೋಡಲ್ಲೇ ಟೈಪ್ ಮಾಡಿ, ಒಂದು ಪಿಡಿಎಫ್ ಕೂಡ ಇಟ್ಕೊಳ್ಳಿ. ಇನ್ನೊಂದು, ಪವರ್‌ಪಾಯಿಂಟ್ ಸ್ಲೈಡ್ ಶೋ ನಡೀತಿರುವಾಗ ಕೀಬೋರ್ಡಲ್ಲಿ ಬಿ (B) ಒತ್ತಿದ್ರೆ ಪರದೆ ಕಪ್ಪಾಗುತ್ತೆ, ಜನ ನಿಮ್ಮನ್ನೇ ನೋಡ್ತಾರೆ. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ವಿರೋಧ: ಕಡ್ಡಾಯ ಮಾಡ್ಬೇಡಿ (ಮುಂಬೈಯಿಂದ)

ನನ್ನ ಪಾಲಿಗೆ ವಿರೋಧ ಬಂದಿದೆ, ಬರೀತೀನಿ, ಆದ್ರೆ ಒಳ್ಳೇ ಫೋಟೋ ತೋರ್ಸೋದಕ್ಕೆ ನನ್ನ ತಕರಾರಿಲ್ಲ ಅಂತ ಮೊದಲೇ ಹೇಳ್ಬಿಡ್ತೀನಿ.

ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂತೋಷ್‌ಗೆ ಅಂತ ಬಂತು, ಅದೇ ವರ್ಷ ಮೈಕ್ರೋಸಾಫ್ಟ್ 1.4 ಕೋಟಿ ಡಾಲರ್ ಕೊಟ್ಟು ಕೊಂಡುಕೊಳ್ತು. ಆಫೀಸಿನ ಮೀಟಿಂಗಿಗೆ ಹುಟ್ಟಿದ್ದು ಅದು. ಅಲ್ಲೂ ತೊಂದರೆ ಮಾಡಿದೆ: 2003ರಲ್ಲಿ ನಾಸಾದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಸುಟ್ಟು ಏಳು ಜನ ತೀರಿಕೊಂಡ್ರಲ್ಲ, ಕಲ್ಪನಾ ಚಾವ್ಲಾನೂ ಇದ್ರು, ತನಿಖಾ ಮಂಡಳಿ ವರದಿಯಲ್ಲೇ ಇದೆ, ಅಪಾಯದ ವಿಷಯ ಸ್ಲೈಡಿನ ಕೆಳಗೆಲ್ಲೋ ಸಣ್ಣ ಅಕ್ಷರದಲ್ಲಿ ಹೂತುಹೋಗಿತ್ತು ಅಂತ. ಅಮೆಜಾನ್‌ನ ಬೆಜೋಸ್ 2004ರಲ್ಲಿ ಹಿರಿಯ ಅಧಿಕಾರಿಗಳ ಮೀಟಿಂಗಲ್ಲಿ ಪವರ್‌ಪಾಯಿಂಟನ್ನ ನಿಲ್ಲಿಸಿ, ಬರೆದು ತನ್ನಿ ಅಂದ್ರು.

ನಮ್ಮ ಕರಾವಳಿಯವರು ಮುಂಬೈಯಲ್ಲಿ ತಾಳಮದ್ದಳೆ, ಅಂದ್ರೆ ಮಾತಿನಲ್ಲೇ ನಡೆಯೋ ಯಕ್ಷಗಾನ, ಮಾಡಿಸ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಆಮೇಲೆ ಕೂತಲ್ಲೇ ಅರ್ಥ, ಅಂದ್ರೆ ಪಾತ್ರವಾಗಿ ಮಾತು. ಕರ್ಣನ ಪಾತ್ರದವರು ಕೃಷ್ಣನ ಮಾತಿಗೆ ಉತ್ತರ ಕೊಡುವಾಗ ಸಭೆಯಲ್ಲಿ ಒಬ್ರೂ ಏಳಲ್ಲ, ಕೊನೇ ಲೋಕಲ್ ಟ್ರೇನ್ ಹಿಡಿಯಬೇಕಾದವರೂ ಏಳಲ್ಲ. ಅಂಥ ಮಾತುಗಾರರಿಗೆ ಪಿಪಿಟಿ ತನ್ನಿ ಅಂದ್ರೆ ದೀಪ ಆರಿಸಿ ಅವರ ಮುಖಾನೇ ಮುಚ್ಚಿದಂಗೆ.

ಅದಕ್ಕೇ, ಆಹ್ವಾನ ಪತ್ರದಲ್ಲಿ ಪಿಪಿಟಿ ತರತಕ್ಕದ್ದು ಅನ್ನೋ ಸಾಲು ತೆಗೀರಿ. ಬೇಕಾದವರು ತರ್ತಾರೆ.