ಎಚ್‌ಐವಿ ಮಾತ್ರೆ ನಿಲ್ಲಿಸಬಹುದು ಅನ್ನೋ ಮೆಸೇಜ್ ಸುಳ್ಳು

ಮಂಡ್ಯ, ಮದ್ದೂರು ಕಡೆ ವಾಟ್ಸಾಪ್ ಗ್ರೂಪ್‌ಗಳಲ್ಲಿ "ಎಚ್‌ಐವಿಗೆ ಆಂಟಿಬಾಡಿ ಚಿಕಿತ್ಸೆ ಬಂದಾಯ್ತು, ಇನ್ಮೇಲೆ ಮಾತ್ರೆ ನಿಲ್ಲಿಸಿಬಿಡಿ" ಅಂತ ಓಡಾಡ್ತಿದೆ, ಅದು ತಪ್ಪು ಕಣ್ರಪ್ಪಾ. ಈ ಆಂಟಿಬಾಡಿ (ವೈರಸ್ ವಿರುದ್ಧ ಹೋರಾಡೋ ಪ್ರೋಟೀನ್) ಚಿಕಿತ್ಸೆ ಇನ್ನೂ ಟ್ರಯಲ್ ಹಂತದಲ್ಲೇ ಇದೆ, ಕೆಲವರಿಗೆ ಮಾತ್ರೆ ನಿಲ್ಲಿಸಿದ್ಮೇಲೂ ತಿಂಗಳುಗಟ್ಟಲೆ ವೈರಸ್ ತಲೆ ಎತ್ತಿಲ್ಲ ಅನ್ನೋದು ನಿಜಾನೇ, ಖುಷಿ ಪಡೋ ವಿಷ್ಯಾನೇ, ಆದ್ರೆ ಎಲ್ಲರಿಗೂ ಹಂಗಾಗಿಲ್ಲ, ಅದೂ ಡಾಕ್ಟ್ರು ಪದೇಪದೇ ರಕ್ತ ಟೆಸ್ಟ್ ಮಾಡ್ತಾ ಕಾಯ್ಕೊಂಡಿರೋವಾಗ. ವೈರಸ್ಸು ಜೀವಕೋಶದೊಳಗೆ ಅಡಗಿ ಕೂತಿರತ್ತೆ, ಮಾತ್ರೆ ಬಿಟ್ರೆ ಸಾಮಾನ್ಯವಾಗಿ ಕೆಲವೇ ವಾರದಲ್ಲಿ ವಾಪಸ್. 5,472 ಜನರ ಮೇಲೆ ನಡೆದ 'ಸ್ಮಾರ್ಟ್' ಅನ್ನೋ ಹೆಸರಿನ ಟ್ರಯಲ್‌ನಲ್ಲಿ ಮಾತ್ರೆ ಮಧ್ಯೆಮಧ್ಯೆ ನಿಲ್ಲಿಸಿದವರಿಗೇ ಕಾಯಿಲೆ, ಸಾವು ಜಾಸ್ತಿ ಅಂತ 2006ರಲ್ಲೇ ಗೊತ್ತಾಗಿದೆ. ಎಚ್‌ಐವಿಗೆ ಚಿಕಿತ್ಸೆ ಕೊಡೋ ಸರ್ಕಾರಿ ಎಆರ್‌ಟಿ ಸೆಂಟರ್‌ನಲ್ಲಿ ಮಾತ್ರೆ ಫ್ರೀ, ಡೌಟ್ ಇದ್ರೆ ಅಲ್ಲೇ ಕೇಳಿ ಇಲ್ಲಾ ಎಚ್‌ಐವಿ ಸಹಾಯವಾಣಿ 1097ಗೆ ಫೋನ್ ಮಾಡಿ. ಆ ಮೆಸೇಜ್ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ.