ಸಂಸತ್ತು ಕೊಟ್ಟ ಬಡ್ತಿ

ಆನ್‌ಲೈನ್ ಪೋಕರ್ ಆಡುವವರ ನಡುವೆ ಮುಗಿಯದ ಒಂದು ಚರ್ಚೆಯಿತ್ತು: ಸಣ್ಣ ಟೇಬಲ್ ಬಿಟ್ಟು ದೊಡ್ಡ ಟೇಬಲ್ಲಿಗೆ ಯಾವಾಗ ಹೋಗಬೇಕು? 2025ರ ಆಗಸ್ಟಿನಲ್ಲಿ ಸಂಸತ್ತು ಅದನ್ನು ಬಗೆಹರಿಸಿಕೊಟ್ಟಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ, 22ಕ್ಕೆ ರಾಷ್ಟ್ರಪತಿಗಳ ಅಂಕಿತ. ಮೂರೇ ದಿನದಲ್ಲಿ ಎಲ್ಲರಿಗೂ ಒಟ್ಟಿಗೇ ಬಡ್ತಿ. ಶಿರಸಿಯ ಹುಡುಗ ಮನೆಯ ಜಗಲಿಯಲ್ಲಿ ಕೂತು ಆಡುತ್ತಿದ್ದ 1–2 ರೂಪಾಯಿ ಬ್ಲೈಂಡಿನ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಸಣ್ಣ, ದೊಡ್ಡ ಪಣ) ಟೇಬಲ್ ಮುಚ್ಚಿತು. ಕಾರವಾರದಿಂದ ನೂರು ಕಿಲೋಮೀಟರ್ ಆಚೆ, ಪಣಜಿಯ ಮಾಂಡವಿ ನದಿಯಲ್ಲಿ ಕ್ಯಾಸಿನೋ ಹಡಗುಗಳು ಲೈಸೆನ್ಸ್ ಸಮೇತ ತೇಲುತ್ತಲೇ ಇವೆ. ಅಲ್ಲಿ 1–2ರ ಟೇಬಲ್ ಇಲ್ಲ. ಕೆಳಗಿನ ಮೆಟ್ಟಿಲು ಕಿತ್ತ ಮೇಲೆ ಉಳಿಯುವುದು ಮೇಲಿನದೇ ತಾನೆ.

ಇಂಥ ಸಾಮೂಹಿಕ ಬಡ್ತಿಗೆ ಮೊದಲು ಈ ಕೆಲಸಕ್ಕೆ ಎಷ್ಟು ತಲೆಬಿಸಿ ಇತ್ತೆಂದರೆ: 1–2ರ ಟೇಬಲ್ಲಿಗೆ ಪೂರ್ತಿ ಬೈ-ಇನ್ (ಕೂರುವಾಗ ತರುವ ದುಡ್ಡು) ನೂರು ಬಿಗ್ ಬ್ಲೈಂಡ್ (ಎರಡರಲ್ಲಿ ದೊಡ್ಡ ಪಣ), ಅಂದರೆ 200 ರೂಪಾಯಿ. ಅಂಥ 30 ಬೈ-ಇನ್ ಕೈಲಿರಬೇಕು, 6,000. ಅದರ ಮೇಲಿನ 2–5ರ ಟೇಬಲ್ಲಿಗೆ ಬೈ-ಇನ್ 500, ಮೂವತ್ತಕ್ಕೆ 15,000. ಒಮಾಹಾ ಎಂಬ ಇನ್ನೊಂದು ಬಗೆಯ ಪೋಕರ್ ಆಡುವವರಿಗೆ 50 ಬೈ-ಇನ್ ಬೇಕು, ಟೂರ್ನಮೆಂಟಿನವರಿಗೆ 100, ಅಲ್ಲಿ ಏರಿಳಿತ ಅಷ್ಟು ಜಾಸ್ತಿ. ಆಟಕ್ಕೆಂದೇ ಎತ್ತಿಟ್ಟ ಈ ದುಡ್ಡು, ಅಂದರೆ ಬ್ಯಾಂಕ್‌ರೋಲ್, ಬೇರೆಯೇ ಇರಬೇಕು. ಸೊಸೈಟಿಯ ಬೆಳೆಸಾಲ, ಚಾಲಿ ಅಡಿಕೆ ಮಾರಿ ಬಂದ ದುಡ್ಡು, ತಂಗಿಯ ಮದುವೆಯ ಎಫ್‌ಡಿ ಇವು ಬ್ಯಾಂಕ್‌ರೋಲ್ ಅಲ್ಲ. 15,000 ಕೂಡಿದ ದಿನ ಮೇಲೆ ಹೋಗಿ ಮೂರು ಬೈ-ಇನ್ ಮಾತ್ರ ಪಣಕ್ಕಿಡುವುದು. ಆ 1,500 ಹೋಯಿತೋ, ಉಳಿದ 13,500 ಹಿಡಿದುಕೊಂಡು ಮರುಮಾತಿಲ್ಲದೆ ಕೆಳಗೆ ಬರುವುದು. ಕೆಳಗಿನ ಟೇಬಲ್ಲಿಗೆ ಅದು 67 ಬೈ-ಇನ್, ಮಹಾರಾಜರ ಹಾಗೆ ಆಡಬಹುದು.

ನಿಯಮದ ಮೊದಲರ್ಧವನ್ನು ಎಲ್ಲರೂ ಶ್ರದ್ಧೆಯಿಂದ ಪಾಲಿಸಿದರು. ಕೆಳಗೆ ಬರುವ ಅರ್ಧ ಮಾತ್ರ ಬಾಯಿಪಾಠಕ್ಕೆ ಸೀಮಿತವಾಯಿತು.

ಮೇಲೆ ಹೋಗಲು ಕಾರಣಗಳಿಗೇನು ಬರ? ಎಲ್ಲಕ್ಕಿಂತ ಜನಪ್ರಿಯವಾದದ್ದು ಇದು: “ಕೆಳಗಿನವಕ್ಕೆ ಆಟವೇ ಬತ್ತಿಲ್ಲೆ ಮಾರಾಯಾ, ನಾ ಪಣ ಏರಿಸಿದ್ರೆ ಮರ್ಯಾದೆಯೇ ಇಲ್ಲೆ.” ಆಟ ಬಾರದವರು ಸಣ್ಣ ಜೋಡಿ ಹಿಡಿದುಕೊಂಡು ಕೊನೆಯ ಎಲೆಯವರೆಗೂ ದುಡ್ಡು ಕಟ್ಟುತ್ತಾರೆ, ನಮ್ಮ ಲಾಭ ಬರುವುದೇ ಅಲ್ಲಿಂದ. ಅದನ್ನು ಬಿಟ್ಟು, ಮರ್ಯಾದೆ ಕೊಟ್ಟು ಎಲೆ ಎಸೆಯುವ ಜಾಣರನ್ನು ಹುಡುಕಿಕೊಂಡು ದುಬಾರಿ ಟೇಬಲ್ಲಿಗೆ ಹೋಗುವುದು! ಇನ್ನೊಂದು ಕಾರಣ, ಎಕ್ಕದ ಜೋಡಿ ರಾಜನ ಜೋಡಿಗೆ ಸೋತಿತೆಂಬ ಸಿಟ್ಟು. ನೂರಕ್ಕೆ 18 ಸಲ ಸೋಲುವುದೇ ಲೆಕ್ಕ. ಮೇಲಿನ ಟೇಬಲ್ಲಿನಲ್ಲೂ ಅದು ನೂರಕ್ಕೆ 18 ಸಲವೇ ಸೋಲುತ್ತದೆ, ದುಡ್ಡು ಮಾತ್ರ ಎರಡೂವರೆ ಪಟ್ಟು.

ಮತ್ತೊಂದು “ಎರಡು ವಾರದಿಂದ ಗೆಲ್ತಾ ಇದ್ದೇನೆ” ಎನ್ನುವುದು. ನೂರು ಕೈಗೆ (ಒಂದು ಸಲ ಎಲೆ ಹಂಚಿ ಆಡಿದರೆ ಒಂದು ಕೈ) 5 ಬಿಗ್ ಬ್ಲೈಂಡ್ ಗಳಿಸುವವನನ್ನು ಒಳ್ಳೆಯ ಆಟಗಾರ ಎನ್ನಬಹುದು. ಆದರೆ ಆರು ಜನ ಆಡುವ ನೋ-ಲಿಮಿಟ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ ನೂರು ಕೈಗೆ ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಏರಿಳಿತದ ಅಳತೆ, 90 ಬಿಗ್ ಬ್ಲೈಂಡಿನ ಆಸುಪಾಸು. 10,000 ಕೈ ಆಡಿದ ಮೇಲೂ ಆ 5 ಎನ್ನುವ ಅಂಕಿಯಲ್ಲಿ 9ರಷ್ಟು ಹೆಚ್ಚುಕಮ್ಮಿ ಉಳಿಯುತ್ತದೆ; 5 ಗೆದ್ದಂತೆ ಕಾಣುವವ ನಿಜದಲ್ಲಿ 4 ಸೋಲುವ ಗಿರಾಕಿಯೂ ಆಗಿರಬಹುದು. ಲಕ್ಷ ಕೈ ಆದರೆ ಈ ಹೆಚ್ಚುಕಮ್ಮಿ ಮೂರರ ಹತ್ತಿರ ಇಳಿಯುತ್ತದೆ. ಎರಡು ಟೇಬಲ್ ತೆರೆದರೆ ಗಂಟೆಗೆ 150 ಕೈ, ಲಕ್ಷಕ್ಕೆ ಏಳುನೂರು ಗಂಟೆ ಹತ್ತಿರ. ಅಷ್ಟು ಹೊತ್ತು ಕೂತರೆ ಯಾವುದಾದರೂ ಸರ್ಕಾರಿ ಪರೀಕ್ಷೆಯೇ ಪಾಸಾಗುತ್ತಿತ್ತು ಎಂದು ಮನೆಯವರು ಹೇಳುವುದರಲ್ಲಿ ತಪ್ಪೇನಿಲ್ಲ.

ಸರ್ಕಾರಗಳೂ ಮೇಲಿನ ಟೇಬಲ್ಲಿಗೆ ಹೋಗಿವೆ. ಕರ್ನಾಟಕ 2021ರ ಅಕ್ಟೋಬರಿನಲ್ಲಿ ನಿಷೇಧದ ಕಾನೂನು ತಂದು ಒಂದು ಶಾಟ್ ಹೊಡೆಯಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದುಮಾಡಿ ಕೆಳಗಿಳಿಸಿತು. ಇಡೀ ಪ್ರಕರಣದಲ್ಲಿ ಕೆಳಗೆ ಬಂದ ಏಕೈಕ ಆಟಗಾರ ಇದು, ದಾಖಲಿಸಿಕೊಳ್ಳಬೇಕು. ಕೇಂದ್ರದ ಶೈಲಿ ಬೇರೆ. ಮೊದಲು ಕಂಪನಿಯ ಕಮಿಷನ್ ಮೇಲೆ 18% ಜಿಎಸ್‌ಟಿ: ಒಂದು ಕೈಯಲ್ಲಿ ಎಲ್ಲರೂ ಕಟ್ಟಿದ ದುಡ್ಡು, ಅಂದರೆ ಪಾಟು, 60 ರೂಪಾಯಿ ಆದರೆ 5% ಕಮಿಷನ್ 3 ರೂಪಾಯಿ, ಅದರಲ್ಲಿ ತೆರಿಗೆ ಅರ್ಧ ರೂಪಾಯಿಯಷ್ಟು. 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 28%. 6,000 ಕಟ್ಟಿದರೆ ತೆರಿಗೆ ಕಳೆದು 4,687; ಒಂದು ಎಲೆ ಹಂಚುವ ಮೊದಲೇ ಆರೂವರೆ ಬೈ-ಇನ್ ಮಾಯ. ಗೆದ್ದರೆ ನಿವ್ವಳ ಗೆಲುವಿನ ಮೇಲೆ 30% ಟಿಡಿಎಸ್. ಸೋತರೆ ಆ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಎದುರಾಳಿ ಎಲೆಯನ್ನೇ ಹಿಡಿಯದೆ ಎಲ್ಲ ಪಾಟಿನಲ್ಲೂ ಪಾಲು ಪಡೆಯುವಾಗ 30 ಬೈ-ಇನ್ ಸಾಕೋ 50 ಬೇಕೋ ಎಂದು ವಾದಿಸುತ್ತಿದ್ದವರ ತಾಳ್ಮೆ ದೊಡ್ಡದು.

ಅಂಗಡಿ ಮುಚ್ಚಿದ್ದು ಯುವಜನರನ್ನು ಕಾಪಾಡಲು. ಆಡಿಸಿದವರಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಇತ್ತ ಓಸಿ ಮಟ್ಕಾದವನು ಪಾನ್ ಅಂಗಡಿಯ ಪಕ್ಕ ನಿಂತು ಚೀಟಿ ಬರೆಯುತ್ತಲೇ ಇದ್ದಾನೆ. ಎರಡಂಕಿಗೆ ರೂಪಾಯಿಗೆ 80 ಕೊಡುತ್ತಾನೆ, ಬರುವ ಸಂಭವ ನೂರಕ್ಕೆ ಒಂದು. ಇಪ್ಪತ್ತು ಪೈಸೆ ಅವನಿಗೆ, ಪ್ಯಾನ್ ಕಾರ್ಡ್ ಬೇಡ, ಟಿಡಿಎಸ್ ಇಲ್ಲ.

ಇನ್ನು ಹಡಗು ಹತ್ತುವವರಿಗೆ ಹೊಸ ಲೆಕ್ಕ. ಡೀಲರ್ ಕೈಯಲ್ಲಿ ಹಂಚುವ ಟೇಬಲ್ಲಿನಲ್ಲಿ ಗಂಟೆಗೆ 25ರಿಂದ 30 ಕೈ. 10,000 ಕೈಗೆ 350 ಗಂಟೆ. ರಾತ್ರಿಗೆ ಹತ್ತು ಗಂಟೆ ಕೂತರೂ 35 ರಾತ್ರಿ, ಕಾರವಾರದಿಂದ ಹೋಗಿಬರಲು 7,000 ಕಿಲೋಮೀಟರ್. ಇಷ್ಟಾದ ಮೇಲೂ ಗೆಲ್ಲುವವನೋ ಸೋಲುವವನೋ ಗೊತ್ತಾಗುವುದಿಲ್ಲ, ಪೆಟ್ರೋಲ್ ಖರ್ಚು ಮಾತ್ರ ಖಚಿತ. ಗೋವಾ ಸರ್ಕಾರ 2020ರಿಂದ ತನ್ನ ಜನರನ್ನೇ ಕ್ಯಾಸಿನೋ ಒಳಗೆ ಬಿಡುತ್ತಿಲ್ಲ, ಅವರು ಹಾಳಾಗಬಾರದಲ್ಲ. ನಮ್ಮವರಿಗೆ ಸ್ವಾಗತ. ವಾಪಸು ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಡಿಕ್ಕಿ ತೆಗೆಸಿ ಬಾಟಲಿ ಹುಡುಕುತ್ತಾರೆ; ಖಾಲಿಯಾದ ಜೇಬು ತೋರಿಸಿದರೆ ಮುಂದೆ ಹೋಗಿ ಎನ್ನುತ್ತಾರೆ.

ತೆರಿಗೆಯ ಬಡ್ತಿ ಇನ್ನೂ ನಿಂತಿಲ್ಲ. ಅಂಕಿತ ಬಿದ್ದ ಸರಿಯಾಗಿ ಒಂದು ತಿಂಗಳಿಗೆ, 2025ರ ಸೆಪ್ಟೆಂಬರ್ 22ರಿಂದ, ಹಣದ ಆನ್‌ಲೈನ್ ಆಟದ ಮೇಲಿನ ಜಿಎಸ್‌ಟಿ 28ರಿಂದ 40ಕ್ಕೆ ಏರಿತು, ಕ್ಯಾಸಿನೋಗಳಿಗೂ ಅದೇ ದರ. ಈಗ 6,000 ಕಟ್ಟಿದರೆ 1,714 ತೆರಿಗೆಗೆ, ಉಳಿದ 4,286ಕ್ಕೆ 1–2ರ ಟೇಬಲ್ಲಿನಲ್ಲಿ 21 ಬೈ-ಇನ್ ಬರುತ್ತವೆ. ಟೇಬಲ್ ಇದ್ದಿದ್ದರೆ.